ಗಣಕಶಾಸ್ತ್ರದ ಮೂಲಪುರುಷ ಆಲನ್ ಟ್ಯೂರಿಂಗ್

ಲೆಕ್ಕವನ್ನು ಮಾಡಿ ಮುಗಿಸಿದ ಮೇಲೆ ಒಮ್ಮೆ ತಾಳೆ ನೋಡಬೇಕೆಂದು ಉಪಾಧ್ಯಾಯರು ನಮಗೆ ಪದೇ ಪದೇ ಹೇಳುವುದುಂಟು. ನಾವಾದರೋ ಉತ್ತರಪತ್ರಿಕೆಯನ್ನು ಒಪ್ಪಿಸಿ ಹೊರಗೋಡುವ ಆತುರದಲ್ಲಿ ಆ ಮಾತನ್ನು ಮರೆಯುತ್ತೇವೆ. ಅಂಕಗಳು ಬಂದಾಗ ನೆನಪಿಸಿಕೊಂಡು ಮರುಗುತ್ತೇವೆ. ತಾಳೆ ನೋಡುವ ಈ ಸಾಮಾನ್ಯ ಅಭ್ಯಾಸವನ್ನೇ ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿ, ಅದು ಎಲ್ಲಿಯವರೆಗೆ ಸಾಧ್ಯ, ಎಲ್ಲಿಂದಾಚೆಗೆ ಅಸಾಧ್ಯ ಎಂಬ ಎರಡನ್ನೂ ತೋರಿಸಿಕೊಟ್ಟ ಮಹಾ ಮೇಧಾವಿಯೊಬ್ಬನ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದೆ ಇಡಲು ನಾವು ಬಯಸುತ್ತೇವೆ. ಅವನೇ ಆಲನ್ ಮ್ಯಾಥಿಸನ್ ಟ್ಯೂರಿಂಗ್.

ಟ್ಯೂರಿಂಗನು ಇಂಗ್ಲೆಂಡಿನವನು. ಆದರೂ ಮದರಾಸಿನಲ್ಲಿ ನೆಲೆಸಿ ಕನ್ನಡದಲ್ಲಿ ವಿದ್ಯೆ ಕಲಿಯುತ್ತಿರುವ ನಮಗೆ ಅವನು ತೀರ ಪರಕೀಯನೇನೂ ಅಲ್ಲ. ಅವನ ತಂದೆ ಜೂಲಿಯಸ್ ಟ್ಯೂರಿಂಗನು ಮದರಾಸು ಆಧಿಪತ್ಯದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದವನು. ಅಂದು ಅದೇ ಆಧಿಪತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಯೂ ಅವನು ಸೇವೆ ಸಲ್ಲಿಸಿದ ಸ್ಥಳಗಳಲ್ಲಿ ಒಂದು. ತಾಯಿ ಈಥೆಲ್ ಸಾರಾಳು ಕೊಯಮತ್ತೂರಿನ ಬಳಿಯ ಪೋತನೂರಿನಲ್ಲಿ ಹುಟ್ಟಿದವಳು; ಆಕೆಯ ತಂದೆ ಎಡ್ವರ್ಡ್ ಸ್ಟೋನಿಯು ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರನಾಗಿದ್ದನು. ಹಿರಿಯ ಮಗ ಜಾನನು ೧೯೦೮ರಲ್ಲಿ ಹುಟ್ಟಿದ್ದು ನೀಲಗಿರಿಯ ಕೂನೂರಿನಲ್ಲಿ. ಕಿರಿಯವನಾದ ಆಲನನು ಮಾತ್ರ ೧೯೧೨ನೆಯ ಇಸವಿ ಜೂನ್ ೨೩ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆ ಇಂಡಿಯಾಕ್ಕೆ ಹಿಂದಿರುಗಬೇಕಾಯಿತು. ತಾಯಿಯೂ ಬಹುಕಾಲ ಪತಿಯೊಡನೆ ಇಲ್ಲಿಯೇ ಇರಬೇಕಾಯಿತು. ಈ ದೇಶದ ಉಷ್ಣವು ಮಕ್ಕಳ ಆರೋಗ್ಯಕ್ಕೆ ಒಗ್ಗದೆಂದು ಬಾಲಕರಿಬ್ಬರನ್ನೂ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಒಂದು ನಿವೃತ್ತ ಸೇನಾಧಿಕಾರಿಯ ಕುಟುಂಬದ ವಶಕ್ಕೆ ಒಪ್ಪಿಸಿದರು. ತಾಯ್ತಂದೆಗಳ ಅಗಲಿಕೆಯಲ್ಲಿ ಬೆಳೆದ ಹುಡುಗನು ತನ್ನ ಪಾಡಿಗೆ ತಾನು ಯೋಚಿಸುವ ಸ್ವಭಾವದವನಾದನು.

೧೯೨೬ರಲ್ಲಿ, ಹದಿನಾಲ್ಕು ತುಂಬುವ ಮೊದಲು, ಅವನನ್ನು ಷರ್ಬೋರ್ನ್ ಎಂಬ ಊರಿನ ಶಾಲೆಗೆ ಸೇರಿಸಿದರು. ಶಾಲೆ ಆರಂಭವಾಗುವ ವೇಳೆಗೆ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ ನಡೆದು ರೈಲುಗಳು ನಿಂತುಹೋಗಿದ್ದವು. ಫ್ರಾನ್ಸಿನಿಂದ ಹಡಗಿನಲ್ಲಿ ಬಂದು ಸೌತಾಂಪ್ಟನ್ನಿನಲ್ಲಿ ಇಳಿದ ಬಾಲಕನು ಎದೆಗುಂದಲಿಲ್ಲ. ಸುಮಾರು ೬೦ ಮೈಲಿಗಳ ದಾರಿಯನ್ನು ಒಬ್ಬನೇ ಸೈಕಲ್ಲಿನ ಮೇಲೆ ಸವೆಸಿ, ನಡುವೆ ಒಂದು ರಾತ್ರಿ ಛತ್ರದಲ್ಲಿ ತಂಗಿ, ಶಾಲೆಯನ್ನು ಮುಟ್ಟಿದನು. ಇಂತಹ ಹುಡುಗನನ್ನು ಉಪಾಧ್ಯಾಯರು ಮೆಚ್ಚಿದರೆಂದು ನಾವು ಭಾವಿಸಬಹುದು, ಆದರೆ ಹಾಗಾಗಲಿಲ್ಲ. ಅವನ ಬರವಣಿಗೆ ಕೊಳಕಾಗಿತ್ತು, ಪಾಠಕ್ರಮದಲ್ಲಿ ಇಲ್ಲದ ವಿಷಯಗಳಲ್ಲಿಯೇ ಅವನ ಮನಸ್ಸು ಓಡುತ್ತಿತ್ತು. ಗಣಿತದಲ್ಲಿ ಮಾತ್ರ ತನ್ನದೇ ದಾರಿ ಹಿಡಿದು ಕಠಿನವಾದ ಸಮಸ್ಯೆಗಳನ್ನು ಬಿಡಿಸುತ್ತಿದ್ದನು.

ಆ ಶಾಲೆಯಲ್ಲಿ ಅವನಿಗೆ ಕ್ರಿಸ್ಟಫರ್ ಮಾರ್ಕಮ್ ಎಂಬ ಗೆಳೆಯನು ದೊರೆತನು. ಒಂದು ವರ್ಷ ಹಿರಿಯನಾದ ಮಾರ್ಕಮನೂ ವಿಜ್ಞಾನಪ್ರಿಯನೇ. ಆದರೆ ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಹದ. ಅವನ ಸ್ನೇಹದಿಂದ ಟ್ಯೂರಿಂಗನಲ್ಲಿಯೂ ಶಿಸ್ತು ಮೂಡಿತು. ದುರ್ದೈವವಶಾತ್ ೧೯೩೦ರ ಫೆಬ್ರುವರಿಯಲ್ಲಿ ಮಾರ್ಕಮನು ಕ್ಷಯರೋಗದಿಂದ ತೀರಿಕೊಂಡನು. ಈ ಆಘಾತವನ್ನು ಟ್ಯೂರಿಂಗನು ಬಾಳಿನುದ್ದಕ್ಕೂ ಮರೆಯಲಿಲ್ಲ. ಗೆಳೆಯನು ಮಾಡಬಹುದಾಗಿದ್ದ ಕೆಲಸವನ್ನು ತಾನು ಮಾಡಬೇಕೆಂಬ ಸಂಕಲ್ಪವನ್ನು ತೊಟ್ಟು ೧೯೩೧ರಲ್ಲಿ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದನು. ೧೯೩೫ರಲ್ಲಿ, ೨೨ನೆಯ ವಯಸ್ಸಿನಲ್ಲಿಯೇ, ಅದೇ ಕಾಲೇಜಿನ ಫೆಲೋ ಆಗಿ ಆಯ್ಕೆಯಾದನು.

ಆ ವರ್ಷ ಮ್ಯಾಕ್ಸ್ ನ್ಯೂಮನ್ ಎಂಬ ಗಣಿತಜ್ಞನ ಉಪನ್ಯಾಸಗಳನ್ನು ಕೇಳುತ್ತಿದ್ದಾಗ ಒಂದು ಪ್ರಶ್ನೆಯು ಟ್ಯೂರಿಂಗನ ಮನಸ್ಸನ್ನು ಹಿಡಿಯಿತು. ಜರ್ಮನಿಯ ಡೇವಿಡ್ ಹಿಲ್ಬರ್ಟನು ಮುಂದಿಟ್ಟಿದ್ದ ಪ್ರಶ್ನೆ ಅದು. ಯಾವುದೇ ಗಣಿತ ವಾಕ್ಯವನ್ನು ಕೊಟ್ಟರೂ ಅದು ಸಾಧಿಸಲು ಬರುವುದೋ ಇಲ್ಲವೋ ಎಂಬುದನ್ನು ಯಾಂತ್ರಿಕವಾಗಿ, ಹೆಜ್ಜೆ ಹೆಜ್ಜೆಯಾಗಿ, ತೀರ್ಮಾನಿಸುವ ಒಂದು ವಿಧಾನ ಉಂಟೆ? ಯಾಂತ್ರಿಕವೆಂದರೇನು ಎಂಬಲ್ಲಿಂದಲೇ ಟ್ಯೂರಿಂಗನು ಆರಂಭಿಸಿದನು. ಮನೆಗಳನ್ನಾಗಿ ವಿಭಾಗಿಸಿದ ಒಂದು ಉದ್ದವಾದ ಪಟ್ಟಿ. ಒಂದೊಂದು ಮನೆಯಲ್ಲಿ ಒಂದೊಂದು ಚಿಹ್ನೆ. ಚಿಹ್ನೆಯನ್ನು ಓದಿ, ಅಳಿಸಿ, ಬರೆದು, ಎಡಕ್ಕೋ ಬಲಕ್ಕೋ ಸರಿಯುವ ಒಂದು ಮುಖ. ಯಾವಾಗ ಏನು ಮಾಡಬೇಕೆಂಬ ನಿಯಮಗಳ ಒಂದು ಕೋಷ್ಟಕ. ಇಷ್ಟೇ ಅವನು ಊಹಿಸಿದ ಯಂತ್ರ. ಇಂತಹ ಯಂತ್ರಗಳ ಕೋಷ್ಟಕವನ್ನೇ ಪಟ್ಟಿಯ ಮೇಲೆ ಬರೆದುಕೊಟ್ಟರೆ ಅದನ್ನು ಓದಿ ಆ ಯಂತ್ರದಂತೆಯೇ ವರ್ತಿಸುವ ಒಂದು ಸಾರ್ವತ್ರಿಕ ಯಂತ್ರವೂ ಸಾಧ್ಯವೆಂದು ಅವನು ತೋರಿಸಿದನು. ಇಂದು ನಮ್ಮ ಮೇಜುಗಳ ಮೇಲಿರುವ ಗಣಕಯಂತ್ರಗಳೆಲ್ಲವೂ ತತ್ತ್ವತಃ ಆ ಸಾರ್ವತ್ರಿಕ ಯಂತ್ರದ ಸಂತತಿಯೇ ಸರಿ.

ಹಿಲ್ಬರ್ಟನ ಪ್ರಶ್ನೆಗೆ ಉತ್ತರ ಇಲ್ಲವೆಂಬುದೇ ಆಗಿತ್ತು. ಅದರ ತಿರುಳನ್ನು ಇಂದಿನ ಮಾತಿನಲ್ಲಿ ಹೀಗೆ ವಿವರಿಸಬಹುದು. ಯಾವ ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು ಕೊಟ್ಟರೂ ಅದನ್ನು ಓದಿ, ಅದು ಎಂದಾದರೂ ನಿಲ್ಲುವುದೋ ಅಥವಾ ಸುತ್ತುತ್ತಲೇ ಇರುವುದೋ ಎಂದು ತಪ್ಪದೆ ಹೇಳುವ ಪರೀಕ್ಷಕನೊಬ್ಬನು ಇದ್ದಾನೆಂದು ಭಾವಿಸೋಣ. ಆಗ ನಾವು ಒಂದು ತುಂಟ ಕ್ರಮವಿಧಿಯನ್ನು ರಚಿಸಬಹುದು. ಅದು ತನ್ನ ವಿಷಯವಾಗಿಯೇ ಆ ಪರೀಕ್ಷಕನನ್ನು ಕೇಳುತ್ತದೆ. ನೀನು ನಿಲ್ಲುವೆ ಎಂದು ಅವನು ಹೇಳಿದರೆ ನಿಲ್ಲದೆ ಸುತ್ತುತ್ತದೆ. ನಿಲ್ಲಲಾರೆ ಎಂದರೆ ಒಡನೆಯೇ ನಿಲ್ಲುತ್ತದೆ. ಪರೀಕ್ಷಕನು ಏನು ಹೇಳಿದರೂ ಸುಳ್ಳಾಯಿತು. ಆದುದರಿಂದ ತಪ್ಪೇ ಮಾಡದ ಅಂತಹ ಪರೀಕ್ಷಕನು ಇರಲಾರನು. ೧೯೩೬ರಲ್ಲಿ ಟ್ಯೂರಿಂಗನು ಬರೆದ ಈ ಪ್ರಬಂಧವು ಗಣಕಯಂತ್ರಗಳು ಹುಟ್ಟುವ ಮುನ್ನವೇ ಅವುಗಳ ಮೇರೆಯನ್ನು ಗೆರೆ ಎಳೆದು ತೋರಿಸಿತು. ಅಮೆರಿಕದ ಅಲಾಂಜೊ ಚರ್ಚ್ ಎಂಬ ವಿದ್ವಾಂಸನು ಬೇರೊಂದು ಮಾರ್ಗದಿಂದ ಅದೇ ತೀರ್ಮಾನಕ್ಕೆ ಬಂದಿದ್ದನು. ಟ್ಯೂರಿಂಗನು ಪ್ರಿನ್ಸ್‌ಟನ್ನಿಗೆ ಹೋಗಿ ಅವನ ಬಳಿಯಲ್ಲಿಯೇ ೧೯೩೮ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದನು.

ಮರುವರ್ಷವೇ ಎರಡನೆಯ ಮಹಾಯುದ್ಧ ಸಿಡಿಯಿತು. ೧೯೩೯ರ ಸೆಪ್ಟೆಂಬರ್ ೪ರಂದು ಟ್ಯೂರಿಂಗನು ಬ್ಲೆಚ್ಲಿ ಪಾರ್ಕ್ ಎಂಬಲ್ಲಿದ್ದ ರಹಸ್ಯ ಕಾರ್ಯಾಲಯಕ್ಕೆ ಹಾಜರಾದನು. ಜರ್ಮನರು ತಮ್ಮ ಸಂದೇಶಗಳನ್ನು ಎನಿಗ್ಮಾ ಎಂಬ ಯಂತ್ರದಿಂದ ಗೂಢಲಿಪಿಗೆ ತಿರುಗಿಸುತ್ತಿದ್ದರು. ಪೋಲೆಂಡಿನ ಮೂವರು ತರುಣ ಗಣಿತಜ್ಞರು, ರೆಯೆವ್‌ಸ್ಕಿ, ರುಝಿತ್ಸ್ಕಿ ಮತ್ತು ಜಿಗಾಲ್‌ಸ್ಕಿ, ಅದನ್ನು ಭೇದಿಸುವ ದಾರಿಯನ್ನು ಮೊದಲೇ ತೆರೆದಿದ್ದರು. ಆ ವಿದ್ಯೆಯನ್ನು ಯುದ್ಧದ ಹೊಸ್ತಿಲಲ್ಲಿ ಬ್ರಿಟಿಷರಿಗೆ ತಿಳಿಸಿದರು. ಈ ತಳಹದಿಯ ಮೇಲೆ ಟ್ಯೂರಿಂಗನು ಬಾಂಬ್ ಎಂಬ ಹೆಸರಿನ ವಿದ್ಯುದ್ಯಂತ್ರವನ್ನು ರೂಪಿಸಿದನು; ಗಾರ್ಡನ್ ವೆಲ್ಚ್‌ಮನ್ನನು ಅದನ್ನು ಇನ್ನಷ್ಟು ಸುಧಾರಿಸಿದನು. ಮೊದಲನೆಯ ಯಂತ್ರವು ೧೯೪೦ರ ಮಾರ್ಚಿನಲ್ಲಿ ಸ್ಥಾಪಿತವಾಯಿತು; ಯುದ್ಧ ಮುಗಿಯುವ ವೇಳೆಗೆ ಅಂತಹವು ಸುಮಾರು ೨೦೦ ಇದ್ದವು. ಅದರ ಮರ್ಮವು ಗಮನಿಸತಕ್ಕದ್ದು. ಸಂದೇಶದಲ್ಲಿ ಇಂತಹ ಮಾತು ಇರಬಹುದೆಂದು ಊಹಿಸಿ, ಆ ಊಹೆಗೆ ವಿರೋಧ ತರುವ ಜೋಡಣೆಗಳನ್ನೆಲ್ಲ ಯಂತ್ರವು ಒಂದೊಂದಾಗಿ ತಳ್ಳಿಹಾಕುತ್ತಿತ್ತು. ಉಳಿದ ಕೆಲವನ್ನು ಮಾತ್ರ ಮನುಷ್ಯರು ಪರೀಕ್ಷಿಸುತ್ತಿದ್ದರು. ಕೋಟ್ಯಂತರ ಸಾಧ್ಯತೆಗಳಲ್ಲಿ ಸರಿಯಾದುದನ್ನು ಹುಡುಕುವುದಕ್ಕಿಂತ ಸರಿಯಾಗಿರಲಾರದುದನ್ನು ಬೇಗನೆ ಬಿಡುವುದು ಮೇಲೆಂಬ ಈ ನೀತಿಯು ಅವನ ಮುಂದಿನ ಚಿಂತನೆಗೂ ಹೊಂದುತ್ತದೆ. ಟ್ಯೂರಿಂಗನ ತಂಡವು ನೌಕಾಪಡೆಯ ಎನಿಗ್ಮಾವನ್ನು ಭೇದಿಸಿದ್ದರಿಂದ ಅಟ್ಲಾಂಟಿಕ್ ಸಾಗರದಲ್ಲಿ ಎಷ್ಟೋ ಹಡಗುಗಳು ಜಲಾಂತರ್ಗಾಮಿಗಳ ಬಾಯಿಂದ ಪಾರಾದವು. ಆದರೆ ಇದೆಲ್ಲವೂ ರಾಜ್ಯರಹಸ್ಯ. ೧೯೭೦ರ ದಶಕದವರೆಗೆ ಲೋಕಕ್ಕೆ ಇದರ ಸುಳಿವೇ ಇರಲಿಲ್ಲ.

ಯುದ್ಧಾನಂತರ ಟ್ಯೂರಿಂಗನು ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಸೇರಿ ಗಣಕಯಂತ್ರವೊಂದರ ಸಮಗ್ರ ನಕ್ಷೆಯನ್ನು ಸಿದ್ಧಪಡಿಸಿದನು. ಅದರ ನಿರ್ಮಾಣವು ತಡವಾದುದರಿಂದ ಬೇಸತ್ತು ೧೯೪೮ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಹೋದನು. ಈ ನಡುವೆ ದೂರದ ಓಟದಲ್ಲಿಯೂ ಹೆಸರು ಗಳಿಸಿದನು. ೧೯೪೭ರಲ್ಲಿ ಮ್ಯಾರಥಾನ್ ಓಟವನ್ನು ೨ ಗಂಟೆ ೪೬ ನಿಮಿಷಗಳಲ್ಲಿ ಓಡಿ ಮುಗಿಸಿದನೆಂಬುದನ್ನು ನಮ್ಮ ಕ್ರೀಡಾಪಟುಗಳು ಗಮನಿಸಬೇಕು.

ಈಗ ನಾವು ಮೊದಲಲ್ಲಿ ಹೇಳಿದ ತಾಳೆಯ ವಿಷಯಕ್ಕೆ ಬರುತ್ತೇವೆ. ೧೯೪೯ರ ಜೂನ್ ೨೪ರಂದು ಕೇಂಬ್ರಿಜ್ಜಿನಲ್ಲಿ ಗಣಕಯಂತ್ರಗಳ ಬಗ್ಗೆ ನಡೆದ ಸಮ್ಮೇಳನವೊಂದರಲ್ಲಿ ಟ್ಯೂರಿಂಗನು ಒಂದು ಸಣ್ಣ ಪ್ರಬಂಧವನ್ನು ಓದಿದನು. ಅಚ್ಚಿನಲ್ಲಿ ಅದು ಮೂರೇ ಪುಟ. ದೊಡ್ಡದೊಂದು ಕ್ರಮವಿಧಿಯು ಸರಿಯಾಗಿದೆಯೆಂದು, ಅದನ್ನು ಯಂತ್ರದಲ್ಲಿ ಓಡಿಸದೆಯೇ, ತಾಳೆ ನೋಡುವುದು ಹೇಗೆ ಎಂಬುದೇ ಅದರ ವಸ್ತು. ಸಂಕಲನದ ಲೆಕ್ಕವನ್ನೇ ಅವನು ಉಪಮಾನವಾಗಿ ತೆಗೆದುಕೊಂಡನು. ನಾವು ನಮ್ಮದೊಂದು ಉದಾಹರಣೆಯನ್ನು ಕೊಡುತ್ತೇವೆ. ೪೬೮, ೩೫೭, ೨೯೬ ಇವುಗಳ ಮೊತ್ತ ೧೧೨೧ ಎಂದು ಯಾರೋ ಬರೆದಿದ್ದಾರೆ. ಬರಿಯ ಮೊತ್ತವನ್ನು ಕೊಟ್ಟರೆ ತಾಳೆ ನೋಡುವವನು ಇಡೀ ಲೆಕ್ಕವನ್ನು ಮತ್ತೆ ಮಾಡಬೇಕು. ಆದರೆ ಬಿಡಿಸ್ಥಾನದ ದಶಕ ೨, ಹತ್ತರ ಸ್ಥಾನದ ದಶಕ ೨ ಎಂದು ಅವುಗಳನ್ನೂ ಬರೆದಿಟ್ಟರೆ ಒಬ್ಬನು ಬಿಡಿಸ್ಥಾನವನ್ನೂ, ಇನ್ನೊಬ್ಬನು ಹತ್ತರ ಸ್ಥಾನವನ್ನೂ, ಮತ್ತೊಬ್ಬನು ನೂರರ ಸ್ಥಾನವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬಹುದು. ಮೂರೂ ಸರಿಯಾದರೆ ಒಟ್ಟು ಲೆಕ್ಕವೂ ಸರಿಯೇ.

ಕ್ರಮವಿಧಿಯಲ್ಲಿಯೂ ಹೀಗೆಯೇ ಮಾಡಬೇಕೆಂಬುದು ಟ್ಯೂರಿಂಗನ ಸಲಹೆ. ಬರೆದವನು ನಡುನಡುವೆ, ಈ ಹಂತದಲ್ಲಿ ಇಂತಹ ಪೆಟ್ಟಿಗೆಯಲ್ಲಿ ಇಂತಹ ಬೆಲೆ ಇರಲೇಬೇಕು ಎಂಬ ಖಚಿತ ಹೇಳಿಕೆಗಳನ್ನು ಬರೆದಿಡಬೇಕು. ಪರೀಕ್ಷಕನು ಒಂದು ಹೇಳಿಕೆಯಿಂದ ಮುಂದಿನ ಹೇಳಿಕೆಯು ಬರುವುದೋ ಎಂದು ಮಾತ್ರ ನೋಡಿದರೆ ಸಾಕು. ಗುಣಾಕಾರವನ್ನು ಅರಿಯದ ಯಂತ್ರದಲ್ಲಿ ಬರಿಯ ಕೂಡುವಿಕೆಯಿಂದಲೇ ಒಂದರಿಂದ ಒಂದು ಸಂಖ್ಯೆಯವರೆಗಿನ ಗುಣಲಬ್ಧವನ್ನು ಪಡೆಯುವ ಕ್ರಮವಿಧಿಯನ್ನು ಅವನು ಹೀಗೆ ತಾಳೆ ನೋಡಿ ತೋರಿಸಿದನು. ಕ್ರಮವಿಧಿಯು ಕೊನೆಗೊಳ್ಳುವುದೆಂಬುದನ್ನೂ ಸಿದ್ಧಪಡಿಸಬೇಕೆಂದು ತಿಳಿಸಿ, ಪ್ರತಿ ಹೆಜ್ಜೆಗೂ ಇಳಿಯುತ್ತ ಹೋಗುವ ಒಂದು ಪರಿಮಾಣವನ್ನು ಗುರುತಿಸಬೇಕೆಂದನು. ಇಳಿಯುವುದು ಎಂದಾದರೂ ಇಳಿದು ಮುಗಿಯಲೇಬೇಕಷ್ಟೆ. ಎಲ್ಲ ಕ್ರಮವಿಧಿಗಳಿಗೂ ಒಬ್ಬನೇ ಸರ್ವಜ್ಞ ಪರೀಕ್ಷಕನು ಅಸಾಧ್ಯವೆಂದು ೧೯೩೬ರಲ್ಲಿ ಸಾರಿದವನೇ, ಎದುರಿಗಿರುವ ಈ ಒಂದು ಕ್ರಮವಿಧಿಯನ್ನು ಪರೀಕ್ಷಿಸುವುದು ಸಾಧ್ಯವೆಂದು ೧೯೪೯ರಲ್ಲಿ ತೋರಿಸಿದನು. ಇವು ಪರಸ್ಪರ ವಿರುದ್ಧವಲ್ಲ. ಎಲ್ಲ ರೋಗಗಳಿಗೂ ಒಂದೇ ಮದ್ದಿಲ್ಲವೆಂದು ಬಲ್ಲ ವೈದ್ಯನು ಎದುರಿಗಿರುವ ರೋಗಿಯನ್ನು ಕೈಬಿಡುವುದಿಲ್ಲ.

ಈ ಪ್ರಬಂಧವು ಬಹುಕಾಲ ಯಾರ ಕಣ್ಣಿಗೂ ಬೀಳದೆ ಹೋಯಿತು. ೧೯೬೭ರಲ್ಲಿ ರಾಬರ್ಟ್ ಫ್ಲಾಯ್ಡನೂ ೧೯೬೯ರಲ್ಲಿ ಟೋನಿ ಹೋರನೂ ಇದೇ ಬಗೆಯ ವಿಚಾರವನ್ನು ಶಾಸ್ತ್ರವಾಗಿ ಬೆಳೆಸಿದರು. ಟ್ಯೂರಿಂಗನ ಮೂಲಲೇಖನವು ಅಚ್ಚಿನ ತಪ್ಪುಗಳನ್ನು ತಿದ್ದಿಸಿಕೊಂಡು ೧೯೮೪ರಲ್ಲಿ ಮರುಪ್ರಕಟವಾಯಿತು. ಅಷ್ಟರಲ್ಲಿ ಪರೀಕ್ಷಕನ ಕೆಲಸವನ್ನು ಯಂತ್ರವೇ ವಹಿಸಿಕೊಳ್ಳತೊಡಗಿತ್ತು. ೧೯೭೦ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ನನು ಸಿ ಭಾಷೆಯ ಕ್ರಮವಿಧಿಗಳನ್ನು ಓದಿ ಸಂಶಯಾಸ್ಪದ ಸ್ಥಳಗಳನ್ನು ತೋರಿಸುವ ಲಿಂಟ್ ಎಂಬ ಸಾಧನವನ್ನು ರಚಿಸಿದನು. ಇಂದು ಕ್ರಮವಿಧಿಯನ್ನು ಜೋಡಿಸಿ ಸಿದ್ಧಪಡಿಸುವ ಬಿಲ್ಡ್ ಎಂಬ ಕಾರ್ಯದಲ್ಲಿಯೇ ಇಂತಹ ಪರೀಕ್ಷಕರನ್ನು ನೇಮಿಸುತ್ತಾರೆ. ಬೆಲೆ ಕೊಡುವ ಮುನ್ನ ಒಂದು ಪದವನ್ನು ಬಳಸಬಾರದು, ಎಂದಿಗೂ ತಲಪಲಾಗದ ಸಾಲು ಇರಬಾರದು, ಶೂನ್ಯದಿಂದ ಭಾಗಿಸಬಾರದು ಎಂಬಂತಹ ನೂರಾರು ನಿಯಮಗಳಿರುತ್ತವೆ. ಯಾವ ನಿಯಮವು ಜಾರಿಯಲ್ಲಿರಬೇಕು, ಯಾವುದರ ಉಲ್ಲಂಘನೆಯು ಬರಿಯ ಎಚ್ಚರಿಕೆ, ಯಾವುದರ ಉಲ್ಲಂಘನೆಯಿಂದ ಬಿಲ್ಡ್ ನಿಂತುಹೋಗಬೇಕು ಎಂಬುದನ್ನು ಬರೆಯುವವರೇ ಗೊತ್ತುಪಡಿಸಬೇಕು.

ಗೊತ್ತುಪಡಿಸದಿದ್ದರೆ ಏನಾಗುವುದೆಂಬುದಕ್ಕೆ ೨೦೧೪ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದ ಒಂದು ದೃಷ್ಟಾಂತವಿದೆ. ಆಪಲ್ ಕಂಪೆನಿಯ ಫೋನುಗಳಲ್ಲಿಯೂ ಗಣಕಗಳಲ್ಲಿಯೂ ಸುರಕ್ಷಿತ ಸಂಪರ್ಕವನ್ನು ಪರಿಶೀಲಿಸುವ ಭಾಗದಲ್ಲಿ, ಕೊನೆಗೆ ಹಾರು ಎಂಬ ಅರ್ಥದ ಒಂದು ಸಾಲು ಕಣ್ತಪ್ಪಿನಿಂದ ಎರಡು ಸಲ ಬಿದ್ದಿತ್ತು. ಮೊದಲನೆಯದು ಷರತ್ತಿಗೆ ಒಳಪಟ್ಟದ್ದು. ಎರಡನೆಯದಕ್ಕೆ ಷರತ್ತೇ ಇಲ್ಲ. ಆದಕಾರಣ ಅದರ ಕೆಳಗಿದ್ದ ಸಹಿಯ ಪರೀಕ್ಷೆಯು ನಡೆಯದೆ, ಕಳ್ಳನೂ ಸಾಚಾ ಎನಿಸಿಕೊಂಡು ಒಳಬರುವಂತಾಗಿತ್ತು. ಕೆಳಗಿನ ಸಾಲುಗಳನ್ನು ತಲಪಲಾಗದೆಂದು ತಿಳಿಸಬಲ್ಲ ನಿಯಮವು ಕಂಪೈಲರಿನಲ್ಲಿ ಇದ್ದೇ ಇತ್ತು. ಆದರೆ ಸಾಮಾನ್ಯವಾಗಿ ಚಾಲನೆಗೊಳಿಸುವ ನಿಯಮಗಳ ಗುಂಪಿಗೆ ಅದು ಸೇರಿರಲಿಲ್ಲ. ಕಾವಲುಗಾರನು ಇದ್ದನು, ಅವನನ್ನು ಎಬ್ಬಿಸಿರಲಿಲ್ಲ.

ನಮ್ಮ ಗಣಕ ತರಗತಿಯಲ್ಲಿಯೂ ಇದರ ಚಿಕ್ಕದೊಂದು ಪ್ರತಿಬಿಂಬವನ್ನು ಕಂಡೆವು. ಕ್ರೀಡೋತ್ಸವದ ಅಂಕಗಳನ್ನು ಕೂಡಿಸಲು ನಾವು ಒಂದು ಕ್ರಮವಿಧಿಯನ್ನು ಬರೆದೆವು. ಉತ್ಸಾಹದಿಂದ ಎಲ್ಲ ನಿಯಮಗಳನ್ನೂ ಒಮ್ಮೆಗೇ ಜಾರಿಗೆ ತಂದಾಗ ಪರದೆಯ ತುಂಬ ಎಚ್ಚರಿಕೆಗಳು ಸುರಿದವು. ಅಂತರ ಬಿಟ್ಟುದು ಹೆಚ್ಚಾಯಿತು, ಹೆಸರು ಉದ್ದವಾಯಿತು ಎಂಬ ಕ್ಷುಲ್ಲಕ ಆಕ್ಷೇಪಣೆಗಳೇ ಬಹಳ. ಬೇಸರದಿಂದ ಎಲ್ಲವನ್ನೂ ನಿಲ್ಲಿಸಿಬಿಟ್ಟೆವು. ಉತ್ಸವದ ದಿನ ಒಂದು ತಂಡಕ್ಕೆ ಕೋಟಿಗಟ್ಟಲೆ ಅಂಕಗಳು ಬಂದು ಸಭೆಯೆಲ್ಲ ನಕ್ಕಿತು. ಮೊತ್ತದ ಪದಕ್ಕೆ ಆರಂಭದಲ್ಲಿ ಸೊನ್ನೆಯನ್ನು ಕೊಟ್ಟಿರಲಿಲ್ಲ. ಆ ಎಚ್ಚರಿಕೆಯೂ ಮೊದಲಿನ ರಾಶಿಯಲ್ಲಿ ಇತ್ತು. ಅಂದಿನಿಂದ ಉಪಾಧ್ಯಾಯರ ಸೂಚನೆಯಂತೆ, ನಿಜವಾದ ದೋಷವನ್ನು ಹಿಡಿಯುವ ಕೆಲವೇ ನಿಯಮಗಳನ್ನು ಮೊದಲು ಜಾರಿಗೆ ತಂದು, ಅವುಗಳನ್ನು ಮೀರಿದರೆ ಬಿಲ್ಡ್ ನಿಲ್ಲುವಂತೆ ಮಾಡಿ, ಬಳಿಕ ಒಂದೊಂದನ್ನಾಗಿ ಸೇರಿಸುತ್ತ ಬಂದಿದ್ದೇವೆ. ಯಾವುದಾದರೂ ನಿಯಮಕ್ಕೆ ವಿನಾಯಿತಿ ಕೊಟ್ಟರೆ ಕಾರಣವನ್ನು ಪಕ್ಕದಲ್ಲಿಯೇ ಬರೆಯುತ್ತೇವೆ. ಟ್ಯೂರಿಂಗನ ಸಿದ್ಧಾಂತದಂತೆ ಪರೀಕ್ಷಕನು ಪರಿಪೂರ್ಣನಾಗಲಾರನು. ಒಮ್ಮೊಮ್ಮೆ ನಿರಪರಾಧಿಯಾದ ಸಾಲಿನ ಮೇಲೆ ಬೆರಳು ತೋರಿಸುತ್ತಾನೆ, ಒಮ್ಮೊಮ್ಮೆ ಅಪರಾಧಿಯನ್ನು ಬಿಟ್ಟುಬಿಡುತ್ತಾನೆ. ಆದುದರಿಂದ ಅಂತಿಮ ವಿವೇಚನೆಯು ಮನುಷ್ಯನದೇ.

ಮ್ಯಾಂಚೆಸ್ಟರಿನಲ್ಲಿ ಟ್ಯೂರಿಂಗನು ಗಣಕದ ಬಳಕೆದಾರರಿಗಾಗಿ ಕೈಪಿಡಿಯನ್ನು ಬರೆದನು. ಯಂತ್ರಗಳು ಯೋಚಿಸಬಲ್ಲವೆ ಎಂಬ ಪ್ರಶ್ನೆಯನ್ನು ೧೯೫೦ರ ಪ್ರಬಂಧದಲ್ಲಿ ಚರ್ಚಿಸಿದನು. ೧೯೫೧ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದನು. ಪ್ರಾಣಿಗಳ ಮೈಮೇಲಿನ ಪಟ್ಟೆ ಮಚ್ಚೆಗಳು ಹೇಗೆ ಮೂಡುತ್ತವೆಂಬುದಕ್ಕೆ ೧೯೫೨ರಲ್ಲಿ ಗಣಿತದ ವಿವರಣೆಯನ್ನು ಕೊಟ್ಟನು. ಅದೇ ವರ್ಷ ಅವನ ಬಾಳಿನ ಮೇಲೆ ಕಾರ್ಮೋಡ ಕವಿಯಿತು. ಮನೆಯಲ್ಲಿ ಕಳವಾಯಿತೆಂದು ಅವನೇ ಪೋಲೀಸರಿಗೆ ದೂರು ಕೊಟ್ಟನು. ವಿಚಾರಣೆಯಲ್ಲಿ ಒಬ್ಬ ಪುರುಷನೊಡನೆ ಅವನಿಗಿದ್ದ ಪ್ರೇಮಸಂಬಂಧವು ಹೊರಬಿತ್ತು. ೧೮೮೫ರ ಕಾನೂನಿನಂತೆ ಅಂದಿನ ಇಂಗ್ಲೆಂಡಿನಲ್ಲಿ ಅದು ಅಪರಾಧ. ಅವನು ಸುಳ್ಳಾಡಲಿಲ್ಲ. ಸೆರೆವಾಸದ ಬದಲು ಒಂದು ವರ್ಷ ಹಾರ್ಮೋನು ಚಿಕಿತ್ಸೆಗೆ ಒಳಗಾಗಬೇಕಾಯಿತು. ಸರ್ಕಾರದ ರಹಸ್ಯ ಕಾರ್ಯದ ಬಾಗಿಲೂ ಮುಚ್ಚಿತು. ದೇಶಕ್ಕೆ ಅವನು ಮಾಡಿದ ಸೇವೆಯನ್ನು ನ್ಯಾಯಾಲಯದಲ್ಲಿ ಬಿಚ್ಚಿ ಹೇಳುವಂತೆಯೂ ಇರಲಿಲ್ಲ. ೧೯೫೪ರ ಜೂನ್ ೭ರಂದು, ೪೧ನೆಯ ವಯಸ್ಸಿನಲ್ಲಿ, ಸಯನೈಡ್ ವಿಷದಿಂದ ಅವನು ಮರಣಹೊಂದಿದನು. ಆತ್ಮಹತ್ಯೆಯೆಂದು ವಿಚಾರಣಾಧಿಕಾರಿಯು ತೀರ್ಮಾನಿಸಿದನು; ಆಕಸ್ಮಿಕವೆಂದು ತಾಯಿಯು ಕೊನೆಯವರೆಗೂ ನಂಬಿದ್ದಳು.

ನ್ಯಾಯವು ತಡವಾಗಿ ಬಂದಿತು. ೨೦೦೯ರಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿ ಗಾರ್ಡನ್ ಬ್ರೌನನು ಸರ್ಕಾರದ ಪರವಾಗಿ ಕ್ಷಮೆ ಯಾಚಿಸಿದನು. ೨೦೧೩ರಲ್ಲಿ ರಾಣಿಯು ಕ್ಷಮಾದಾನವನ್ನಿತ್ತಳು. ೨೦೨೧ರಲ್ಲಿ ಅವನ ಚಿತ್ರವುಳ್ಳ ೫೦ ಪೌಂಡಿನ ನೋಟು ಹೊರಬಿತ್ತು. ೧೯೬೬ರಿಂದ ಗಣಕ ವಿಜ್ಞಾನದ ಅತ್ಯುನ್ನತ ಪ್ರಶಸ್ತಿಯು ಅವನ ಹೆಸರಿನಲ್ಲಿಯೇ ಸಲ್ಲುತ್ತಿದೆ. ಬ್ರಿಟಿಷರು ನಮ್ಮ ದೇಶದಲ್ಲಿಯೂ ಬಿಟ್ಟುಹೋಗಿದ್ದ ಅಂತಹುದೇ ಒಂದು ಕಾನೂನಿನ ಬಾಧೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಸೆಪ್ಟೆಂಬರ್ ೬ರಂದು ತೊಡೆದುಹಾಕಿತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠಗಳು ಎರಡು. ನಮ್ಮ ಕೆಲಸವನ್ನು ಲೋಕದ ಮುಂದೆ ಓಡಿಸುವ ಮುನ್ನ ನಾವೇ ನಿಯಮವಿಟ್ಟು ತಾಳೆ ನೋಡಬೇಕು. ಎಚ್ಚರಿಕೆಯು ಕಿರಿಕಿರಿಯೆಂದು ಕಿವಿ ಮುಚ್ಚಬಾರದು. ಎರಡನೆಯದು ಇನ್ನೂ ದೊಡ್ಡದು. ನಿಯಮವನ್ನೂ ಆಗಾಗ ತಾಳೆ ನೋಡಬೇಕು. ಕ್ರಮವಿಧಿಯಲ್ಲಿ ಕೆಟ್ಟ ನಿಯಮವೊಂದು ಉಳಿದರೆ ಒಳ್ಳೆಯ ಸಾಲೊಂದನ್ನು ತಪ್ಪೆಂದು ತೋರಿಸುತ್ತದೆ, ಅದನ್ನು ತಿದ್ದಿಕೊಳ್ಳಬಹುದು. ರಾಜ್ಯದಲ್ಲಿ ಕೆಟ್ಟ ನಿಯಮವೊಂದು ಉಳಿದರೆ ಒಳ್ಳೆಯ ಮನುಷ್ಯನೊಬ್ಬನನ್ನು ತಪ್ಪೆಂದು ತೋರಿಸುತ್ತದೆ. ಕ್ಷಮೆಯು ಬರುವ ಹೊತ್ತಿಗೆ ಅದನ್ನು ಕೇಳಲು ಅವನು ಇರುವುದಿಲ್ಲ. ಮುಂದೆ ನಿಯಮಗಳನ್ನು ಮಾಡುವವರು ಇಂದು ಈ ಬೆಂಚುಗಳ ಮೇಲೆ ಕುಳಿತಿರುವ ನಾವೇ ಆದುದರಿಂದ ಈ ಮಾತನ್ನು ನೆನಪಿನಲ್ಲಿಡೋಣ.